ಐದನೆಯ ಗೆರೆ

ಫೇರ್‌ಬ್ಯಾಂಕ್ಸ್, ಜನವರಿ. ಸೊನ್ನೆಗಿಂತ ನಲವತ್ತು ಕೆಳಗೆ.
ಫ್ಯಾರನ್‌ಹೀಟೋ ಸೆಲ್ಸಿಯಸ್ಸೋ ಕೇಳಬೇಡಿ,
ಇಷ್ಟು ಕೆಳಗಿಳಿದರೆ ಎರಡೂ ಒಂದೇ.

ಎದ್ದವಳೇ ಬರ್ಚ್ ಕೊರಡು ಸೀಳುತ್ತೇನೆ.
ಎಪ್ಪತ್ತೊಂದು ನನಗೆ. ಕೊಡಲಿಗೆ ಅದು ಗೊತ್ತಿಲ್ಲ.
ಇಡೀ ಊರಿನ ಹೊಗೆ ಮೇಲೇರಲಾರದೆ
ಸೂರಿನ ಮಟ್ಟದಲ್ಲೇ ಮಲಗಿ
ಮಕ್ಕಳ ಕೆಮ್ಮಿನೊಳಗೆ ಇಳಿಯುತ್ತದೆ.

ಐನೂರು ಮೈಲಿ ಉತ್ತರಕ್ಕೆ, ಪ್ರೂಡೋ ಕೊಲ್ಲಿಯಲ್ಲಿ,
ಎಣ್ಣೆಯ ಸೆರಗು ಹಿಡಿದು ಮೇಲೆ ಬರುತ್ತದೆ ಅನಿಲ.
ಎಣ್ಣೆಗೆ ಕೊಳವೆ ಇದೆ, ಹೊರಟುಬಿಡುತ್ತದೆ
ನಮ್ಮೂರ ಅಂಚಿನಲ್ಲೇ ಹಾದು, ತಿರುಗಿಯೂ ನೋಡದೆ.
ಅನಿಲಕ್ಕೆ ದಾರಿಯಿಲ್ಲ.
ಹಿಡಿದು, ಒತ್ತಿ, ಬಂದ ನೆಲದೊಳಕ್ಕೇ
ಮರಳಿ ತುಂಬುತ್ತಾರೆ, ಹಗಲೂ ಇರುಳೂ,
ಹೊಸಿಲು ತುಳಿದವಳನ್ನು
ತಿರುಗಿ ತವರಿಗೇ ಅಟ್ಟಿದ ಹಾಗೆ.

ದಾರಿ ಬರೆಯುವುದೇ ನನ್ನ ಕೆಲಸವಾಗಿತ್ತು.
ನಕ್ಷೆಗಾರ್ತಿ ವಿಲ್ಡಾ ಓಸ್ಟ್ರೆಮ್. ಮೂವತ್ತನಾಲ್ಕು ವರ್ಷ,
ಐದು ಕಂಪನಿ, ಐದು ಗೆರೆ.

ಮೊದಲನೆಯದು ಕೆಂಪು. ಪೂರ್ವಕ್ಕೆ ಹೊರಳಿ ಕೆನಡಾ ದಾಟಿ
ಶಿಕಾಗೋದ ಒಲೆಗಳ ತನಕ.
ಗಡಿಯಲ್ಲೇ ನಿಂತಿತು; ಬಡ್ಡಿ ಏರಿತ್ತಂತೆ.
ಎರಡನೆಯದು ನೀಲಿ, ದಕ್ಷಿಣದ ಬಂದರಿಗೆ.
ಅಲ್ಲಿ ಸೊನ್ನೆಯ ಕೆಳಗೆ ನೂರ ಅರವತ್ತೆರಡು ಡಿಗ್ರಿಗೆ ತಳ್ಳಿ
ಆರುನೂರು ಕೊಡ ಅನಿಲವನ್ನು
ಒಂದು ಕೊಡಕ್ಕೆ ಕುಗ್ಗಿಸಿ, ಹಡಗಿಗೆ ಸುರಿದು, ಜಪಾನಿಗೆ.
ಚಳಿಯನ್ನು ನಮ್ಮೂರಿಂದಲೇ ಒಯ್ಯಬಹುದಲ್ಲ ಅಂದೆ.
ಸಭೆಯಲ್ಲಿ ಯಾರೂ ನಗಲಿಲ್ಲ.
ಮೂರನೆಯದು ಗೆರೆಯೇ ಅಲ್ಲ, ಬರೀ ಚುಕ್ಕಿಗಳು:
ಮಂಜುಗಡ್ಡೆಯ ಅಡಿಯಲ್ಲಿ ಈಜುವ ಜಲಾಂತರ್ಗಾಮಿ ಟ್ಯಾಂಕರು.
ಅದರ ಎಂಜಿನಿಯರಿಗೆ ಎಷ್ಟು ಚೆಂದದ ಕೈಗಳಿದ್ದವು!
ಅವನು ಬೆರಳಲ್ಲಿ ಧ್ರುವ ದಾಟುವಾಗ
ನಾನು ನಂಬಿದೆ, ಒಂದಿಡೀ ಮಾರ್ಚ್ ತಿಂಗಳು.
ನಾಲ್ಕನೆಯವರು ಅನಿಲವನ್ನು ಅಲ್ಲೇ ಡೀಸೆಲ್ ಮಾಡಿ
ಹಳೆಯ ಕೊಳವೆಯಲ್ಲೇ ಕಳಿಸುತ್ತೇವೆ ಅಂದರು.
ಹೊಸ ಗೆರೆ ಬೇಕಿರಲಿಲ್ಲ. ಆ ವರ್ಷ ನನಗೆ ಅರ್ಧ ಸಂಬಳ.

ಐದನೆಯದು ಹಸಿರು. ನೀಲಿಯ ಪಕ್ಕದಲ್ಲೇ,
ಒಂದು ಕೂದಲೆಳೆ ಆಚೆ.
ಎಂಟುನೂರು ಮೈಲಿ. ಪೆನ್ಸಿಲಿಗೆ ಎರಡು ಸಂಜೆ.

ಒಮ್ಮೆ ಅನಿಲದ ಬೆಲೆ ಬಿತ್ತು, ಒಮ್ಮೆ ಉಕ್ಕಿನದು ಎದ್ದಿತು,
ಒಮ್ಮೆ ಟೆಕ್ಸಾಸಿನವರು ತಮ್ಮ ಕಾಲಡಿಯ ಕಲ್ಲನ್ನೇ ಒಡೆದು
ಅಗ್ಗದಲ್ಲಿ ಮಾರಿದರು.
ಬೆಣ್ಣೆ ಅಂಗೈಯಲ್ಲೇ ಇತ್ತು, ನಿಜ.
ತೋಳು ಮಾತ್ರ ಐನೂರು ಮೈಲಿ ಉದ್ದ.

ಕಚೇರಿ ಮುಚ್ಚಿದ ದಿನ ಸುರುಳಿಗಳನ್ನು
ಕಸದ ಲಾರಿಗೆ ಹೊರುತ್ತಿದ್ದೆ. ಪಕ್ಕದ ಮನೆಯ ಡಾರ್ಕಸ್ ತಡೆದಳು.
ನುಯಿಕ್ಸಟ್ ಹಳ್ಳಿಯ ಇನ್ಯೂಪಿಯಾಕ್ ಹೆಂಗಸು, ಹಲ್ಲಲ್ಲಿ ಸೂಜಿ.
‘ಹರಿಯದ ಹಾಳೆ, ನೆನೆಯದ ಹಾಳೆ. ಇತ್ತ ಕೊಡು.’
ಅವಳ ಹಳ್ಳಿಗೆ ಪಕ್ಕದ ಬಾವಿಯಿಂದಲೇ ಅನಿಲ ಬರುತ್ತದೆ,
ಮನೆ ಬೆಚ್ಚಗಿದೆ;
ಕ್ಯಾರಿಬೂ ಹಿಂಡು ಮಾತ್ರ ಹತ್ತಿರ ಸುಳಿಯುತ್ತಿಲ್ಲ.
‘ಅವಕ್ಕೆ ಯಾರೂ ಗೆರೆ ಬರೆದುಕೊಡಲಿಲ್ಲ’ ಅಂದಳು,
ನನ್ನ ಕಡೆ ನೋಡದೆ.

ಈಗ ನನ್ನ ನಕ್ಷೆಗಳು ಅವಳ ಪಾರ್ಕಾಗಳ ಅಚ್ಚು.
ಬ್ರೂಕ್ಸ್ ಬೆಟ್ಟಸಾಲು ಹೆಗಲಿಗೆ,
ಯುಕಾನ್ ನದಿ ಮೊಣಕೈಗೆ,
ಮುಂಗೈ ಹತ್ತಿರ ಫೇರ್‌ಬ್ಯಾಂಕ್ಸ್.
ಮಗುವಿನ ಅಳತೆಯಾದರೆ
ನಮ್ಮೂರು ಕತ್ತರಿಗೆ ಹೋಗುತ್ತದೆ.

ಮೊನ್ನೆ ಬಂತು ಅನಿಲ. ಉತ್ತರದಿಂದಲೇ, ಲಾರಿಯಲ್ಲಿ!
ಬೆಳ್ಳಿ ಬಣ್ಣದ ಟ್ಯಾಂಕು, ಹಿಮ ಮೆತ್ತಿದ ಚಕ್ರಗಳು,
ಕಣ್ಣು ಕೆಂಪಾದ ಒಬ್ಬ ಹುಡುಗ ಪೆಟ್ರೋಲ್ ಬಂಕಿನಲ್ಲಿ ನಿಂತು
ಕಾಫಿ ಊದುತ್ತಿದ್ದ.
‘ಎಷ್ಟು ಮೈಲಿ ಆಯಿತಪ್ಪ?’
‘ಮೈಲಿ ಎಣಿಸಲ್ಲ ಅಜ್ಜಿ, ಏರು ಎಣಿಸ್ತೀನಿ.’

ಏರುಗಳನ್ನೂ ಬರೆದಿದ್ದೆ ನಾನು, ತೆಳು ಕಂದು ಬಣ್ಣದಲ್ಲಿ,
ಗೆರೆಯ ಹಿಂದೆ, ಕಣ್ಣಿಗೆ ಬೀಳದಂತೆ.

ನಮ್ಮ ಬೀದಿಗೆ ಕೊಳವೆ ಯಾವಾಗ? ಅವನಿಗೆ ಗೊತ್ತಿಲ್ಲ.
ಮನೆಗೆ ಬಂದು
ಇನ್ನೆರಡು ಕೊರಡು ಸೀಳಿದೆ.